ನೆಲಮಾಳಿಗೆಯ ಆಚೆ ಬಾಗಿಲು

ಪಟ್ಟಣದ ದವಸದ ನೆಲಮಾಳಿಗೆಯಿಂದ ಊರಾಚೆಯ ಕುಷ್ಠರೋಗಿಗಳ ಆಸ್ಪತ್ರೆಗೆ ಒಂದು ಸುರಂಗವಿತ್ತು. ರೋಗಿಗಳ ಮುಖ ನೋಡದೆ ಅವರಿಗೆ ಅಕ್ಕಿ ತಲುಪಿಸಲೆಂದು ಹಿಂದಿನವರು ತೋಡಿಸಿದ್ದು ಅದು. ಶತ್ರುಸೈನ್ಯ ಕೋಟೆ ಒಡೆದು ನುಗ್ಗಿದ ದಿನ ಪಟ್ಟಣಶೆಟ್ಟಿ ಸಂಕಣ್ಣ ಅದೇ ಸುರಂಗದಲ್ಲಿ ಓಡಿಬಂದು ಆಸ್ಪತ್ರೆಯ ಕಡೆಯ ಬಾಗಿಲು ಬಡಿದ.

ಅಗಳಿ ತೆಗೆದವಳು ಅವನ ಹೆಂಡತಿ ಬೊಮ್ಮವ್ವ. ಹನ್ನೆರಡು ವರ್ಷಗಳ ಹಿಂದೆ, ತವರಿಗೆ ಕರೆದೊಯ್ಯುತ್ತೇನೆಂದು ಗಾಡಿ ಹತ್ತಿಸಿ, ಅವಳನ್ನು ಇಲ್ಲಿ ಇಳಿಸಿ ಹೋಗಿದ್ದ.

“ದೂರ ನಿಲ್ಲು, ಮುಟ್ಟಬೇಡ,” ಎಂದ ಏದುಸಿರಿನಲ್ಲಿ. “ಬಚ್ಚಿಟ್ಟುಕೊಳ್ಳೋಕೆ ಜಾಗ ತೋರಿಸು.”

“ನನ್ನ ತಿಥಿ ಮಾಡಿ ಊರಿಗೆಲ್ಲ ಊಟ ಹಾಕಿದ್ರಂತೆ, ಶೆಟ್ರೇ. ಈಗ ಸತ್ತವಳ ಹತ್ರ ಜೀವ ಕೇಳೋಕೆ ಬಂದ್ರಾ?”

“ಮತ್ತೇನು ಮಾಡ್ಬೇಕಿತ್ತು? ಕುಷ್ಠ ಹತ್ತಿದವಳನ್ನ ಹೆಂಡತಿ ಅಂತ ಹೇಳ್ಕೊಂಡು ತಿರುಗಬೇಕಿತ್ತಾ? ನನ್ನ ಹೆಂಡತಿ ಅವತ್ತೇ ಸತ್ತಳು!”

ಅಷ್ಟರಲ್ಲಿ ಅಂಗಳದ ಬಾಗಿಲು ಮುರಿದು ಬಿತ್ತು. ಕತ್ತಿ ಹಿರಿದು ಬಂದ ಸೈನಿಕರು ಹೊಸ್ತಿಲಲ್ಲೇ ನಿಂತು ಮೂಗಿಗೆ ಬಟ್ಟೆ ಹಿಡಿದರು.

“ಇಲ್ಲಿರೋರೆಲ್ಲ ರೋಗಿಗಳು,” ಎಂದಳು ಬೊಮ್ಮವ್ವ.

“ಆ ರೇಷ್ಮೆ ಶಲ್ಯದವನೂ ರೋಗಿಯಾ?” ದಳವಾಯಿ ಕತ್ತಿಯ ತುದಿಯಿಂದ ತೋರಿಸಿದ. “ಊರಿನ ಶೆಟ್ಟಿ ಇರಬೇಕು. ಎಳ್ಕೊಂಡು ಬಂದು ತಲೆ ತೆಗೀರಿ.”

ಬೊಮ್ಮವ್ವ ಗಂಡನ ಮುಖ ನೋಡಿದಳು.

ಸಂಕಣ್ಣ ಅವಳ ಬೆರಳಿಲ್ಲದ ಕೈಯನ್ನು ಬಾಚಿ ಎದೆಗೊತ್ತಿಕೊಂಡು ಕಿರುಚಿದ: “ಹತ್ತಿರ ಬರಬೇಡಿ! ನಾನು ಇವಳ ಗಂಡ!”