ಹುಬ್ಬಿನ ಗೆರೆ

"ಈ ಹುಡುಗಿಯ ಕಟಿಂಗ್ ನಿನಗೆ ಒಪ್ಪೋದಿಲ್ಲ ಕಣೆ." ಪಾರ್ಲರ್ ಆಂಟಿಯ ಕತ್ತರಿ ಅರ್ಧದಲ್ಲೇ ನಿಂತಿತು. ಮೊಬೈಲಿನ ಚಿತ್ರವನ್ನು ಮತ್ತೊಮ್ಮೆ ದಿಟ್ಟಿಸಿದರು. "ಅವಳದು ಕೋಲುಮುಖ, ನಿಂದು ದುಂಡುಮುಖ. ಯಾರಿವಳು, ಸಿನಿಮಾದವಳಾ?"

ಕುರ್ಚಿಯಲ್ಲಿದ್ದ ಹದಿನಾರರ ಹುಡುಗಿ ಮೊಬೈಲನ್ನು ತನ್ನತ್ತ ತಿರುಗಿಸಿಕೊಂಡಳು. ಚಿತ್ರದಲ್ಲಿದ್ದವಳು ಅವಳೇ. ವರ್ಷದಿಂದ ಫಿಲ್ಟರ್ ಹಾಕಿ, ತಿದ್ದಿ ತೀಡಿ ಪೋಸ್ಟ್ ಮಾಡಿದ ಆ ಮುಖವನ್ನಷ್ಟೇ ಬಲ್ಲ ಆನ್‌ಲೈನ್ ಗೆಳತಿಯರು ನಾಳೆ ಮೊದಲ ಬಾರಿಗೆ ಅವಳನ್ನು ಕಾಣಲು ಬರುವವರಿದ್ದರು. ಗುರುತು ಹಿಡಿಯದೆ ಪಕ್ಕದಲ್ಲೇ ಹಾದುಹೋದರೆ? ಕೂದಲಾದರೂ ಹೊಂದಲಿ ಎಂದೇ ಓಡಿಬಂದಿದ್ದಳು. ಮೂರನೆಯ ವಯಸ್ಸಿನಿಂದ ಅವಳ ತಲೆ ಬಾಚುತ್ತ ಬಂದ ಆಂಟಿಗೇ ಚಿತ್ರದಲ್ಲಿ ಅವಳ ಗುರುತು ಸಿಕ್ಕಿರಲಿಲ್ಲ.

"ಗೊತ್ತಿರೋಳು, ಆಂಟಿ," ಎಂದಳು ಮೆಲ್ಲಗೆ.

"ಇರಲಿ, ಚೆಲುವೆಯೇ." ಆಂಟಿ ಅವಳ ಮುಂಗೂದಲನ್ನು ಬಾಚಣಿಗೆಯಿಂದ ಮೇಲೆತ್ತಿ, ಚಿತ್ರದಲ್ಲೆಲ್ಲೂ ಕಾಣದ, ಹುಬ್ಬನ್ನು ಸೀಳಿದ ಬಿಳಿ ಗೆರೆಯ ಮೇಲೆ ಹೆಬ್ಬೆರಳಾಡಿಸಿದರು. "ಚಿಕ್ಕವಳಿದ್ದಾಗ ಕೂತಲ್ಲಿ ಕೂರದೆ ನನ್ನ ಕತ್ತರಿ ತಾಗಿಸಿಕೊಂಡೆಯಲ್ಲ, ಅದರ ಗುರುತು. ಸಾವಿರ ಜನರ ನಡುವೆಯೂ ಇದನ್ನ ನೋಡಿ ನಿನ್ನ ಗುರುತು ಹಿಡಿದುಬಿಡ್ತೀನಿ. ಹೇಳು ಮಗಳೇ, ಕೂದಲಿಂದ ಮುಚ್ಚಿಬಿಡ್ಲಾ, ಕಾಣೋ ಹಾಗೆ ಬಿಡ್ಲಾ?"

ಹುಡುಗಿ ಕನ್ನಡಿಯನ್ನು ನೋಡಿದಳು, ಮೊಬೈಲನ್ನು ನೋಡಿದಳು. ನಾಳೆ ಗೆಳತಿಯರ ಮುಂದೆ ಈ ಇಬ್ಬರಲ್ಲಿ ಯಾರನ್ನು ನಿಲ್ಲಿಸಬೇಕೆಂಬುದು ಅವಳಿಗೆ ಹೊಳೆಯಲೇ ಇಲ್ಲ.