ಮೊಣಕೈಯ ನೀಲಿ ಬೆಳಕು

ರೊಟ್ಟಿ ಕೇಂದ್ರದ ಹೆಂಗಸರು ಬೆಳಿಗ್ಗೆ ಬಂದೊಡನೆ ಕೈಕಾಲು ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಜೀವಕೋಶದೊಳಕ್ಕೆ ನುಸುಳಿದ ಬ್ಯಾಕ್ಟೀರಿಯಾವನ್ನು ಮೈ ಪತ್ತೆಹಚ್ಚಿದರೆ ಆ ಜಾಗದ ಚರ್ಮ ನೀಲಿಯಾಗಿ ಮಿನುಗುತ್ತಿತ್ತು. ಮಿನುಗಿದವರಿಗೆ ಎರಡು ದಿನ ರಜೆ.

ದೊಡ್ಡ ಕಾಯಿಲೆಯ ಚಿಕಿತ್ಸೆಯಾದ ಮೇಲೆ ಶಿವಲೀಲಾಳ ಮೈ ಮಾತ್ರ ಮೂರು ವರ್ಷದಿಂದ ಮಿನುಗಿರಲಿಲ್ಲ. ಒಳಗೆ ಯಾರು ಹೊಕ್ಕರೂ ಅದಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಸೋಂಕು ತಗಲದಂತೆ ಅವಳು ಗಾಜಿನ ಗೋಡೆಯ ಹಿಂದೆ ಕೂತು ರೊಟ್ಟಿ ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದಳು. ಮಗಳ ಕೂಸನ್ನೂ ಗಾಜಿನಾಚೆಯಿಂದಲೇ ನೋಡಿದ್ದಳು. ಒಮ್ಮೆ ಮಿನುಗಿದರೆ ಸಾಕು, ಗಾಜು ಬೇಕಿಲ್ಲ ಎಂದಿದ್ದರು ವೈದ್ಯರು.

ಅಂದು ಗಾಜಿನಾಚೆ ಒಲೆಯ ಮುಂದಿದ್ದ ಕಸ್ತೂರಿ ಗಾಜು ಬಡಿದಳು. "ಅಕ್ಕಾ, ಮೊಣಕೈಗೆ ಶಾಯಿ ಮೆತ್ತಿಕೊಂಡೀ ನೋಡು."

ಶಿವಲೀಲಾ ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ನಿನ್ನೆ ಮೊಳೆ ತರಚಿದ ಜಾಗವದು. ಅಂಗೈಯಿಂದ ಮುಚ್ಚಿದರೆ ಬೆರಳ ಸಂದಿಯಿಂದ ನೀಲಿ ಬೆಳಕು ಇಣುಕಿತು. ಇಷ್ಟು ದಿನ ಮಲಗಿದ್ದ ಮೈ ಈಗ ಕಳ್ಳನನ್ನು ಹಿಡಿದು ಊರೆಲ್ಲ ಕೇಳುವಂತೆ ಕೂಗುತ್ತಿತ್ತು.

"ಶಾಯಿ ಅಲ್ಲವ್ವಾ, ಮಿನುಗೇತಿ."

"ಹಬ್ಬದ ಆರ್ಡರ್ ಬಂದಾಗನ ನಿನಗ ರಜಾ ಬೇಕಾತೇನು?" ಎನ್ನುತ್ತ ಕಸ್ತೂರಿ ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು.

ಶಿವಲೀಲಾ ಆಗಲೇ ಮಗಳಿಗೆ ಫೋನ್ ಹಚ್ಚಿದ್ದಳು. "ಎರಡು ದಿನ ಬಿಟ್ಟು ಬಾರವಾ. ಕೂಸಿನ ಗಲ್ಲ ಎಷ್ಟು ಮೆತ್ತಗೈತಿ ಅಂತ ಇನ್ನ ಮ್ಯಾಲೆ ನೀ ಹೇಳಬ್ಯಾಡ. ನಾನ ಮುಟ್ಟಿ ನೋಡತೀನಿ."