ಪರದೆಯ ಮೇಲಿನ ಅಳಿಯ

ಮೂಕಿ ಚಿತ್ರಗಳ ಕಾಲದಲ್ಲಿ ಪರದೆಯ ಪಕ್ಕ ನಿಂತು ಜನರಿಗೆ ಕಥೆ ಹೇಳುತ್ತಿದ್ದ ಚನ್ನಿಗಪ್ಪನಿಗೆ ಮಾತಿನ ಚಿತ್ರಗಳು ಬಂದಮೇಲೆ ಕೆಲಸ ಹೋಗಿತ್ತು. ಈಗ ಊರಿನ ಟೆಂಟಿಗೆ ಇಂಗ್ಲಿಷಿನಲ್ಲಿ ಮಾತಾಡುವ ದೆವ್ವದ ಚಿತ್ರವೊಂದು ಬಂದಿತ್ತು. ಮಾಲೀಕರು ಅವನನ್ನೇ ಮತ್ತೆ ಕರೆಸಿದರು. ತನಗೂ ಇಂಗ್ಲಿಷ್ ಬಾರದೆಂದರೆ ಸಿಕ್ಕ ಕೆಲಸ ಕೈತಪ್ಪೀತೆಂದು ಅವನು ಬಾಯಿ ಬಿಡಲಿಲ್ಲ.

ಪರದೆಯ ಮೇಲೆ ಕರಿ ಕೋಟಿನ ದೊರೆಯೊಬ್ಬ ಹುಡುಗಿಯ ಮನೆಗೆ ಬಂದು, ಬಗ್ಗಿ ನಮಸ್ಕರಿಸಿ, ಅವಳ ಕುತ್ತಿಗೆಯನ್ನೇ ದಿಟ್ಟಿಸತೊಡಗಿದ.

"ಹೆಣ್ಣು ನೋಡಕ್ಕೆ ಬಂದವ್ನೆ!" ಎಂದು ಚನ್ನಿಗಪ್ಪ ಕೂಗಿದ. "ತಾಳಿ ಎಷ್ಟುದ್ದ ಮಾಡಿಸ್ಬೇಕು ಅಂತ ಅಂದಾಜು ಹಾಕ್ತಾವ್ನೆ!"

ಹೆಂಗಸರಿಗೆಲ್ಲ ಗಂಡು ಒಪ್ಪಿಗೆಯಾಯಿತು.

ಕೊನೆಯ ರೀಲಿನಲ್ಲಿ ಹುಡುಗಿಯ ತಂದೆ, ಪೆಟ್ಟಿಗೆಯೊಳಗೆ ಮಲಗಿದ್ದ ದೊರೆಯ ಎದೆಗೆ ಮರದ ಗೂಟ ಹೊಡೆದ. ಹೆಂಗಸರು ಗೋಳೋ ಎಂದು ಅತ್ತರು. ಚಪ್ಪಲಿಯೊಂದು ಹಾರಿಬಂದು ಪರದೆಗೆ ಬಡಿಯಿತು.

ಮಾಲೀಕರು ಓಡಿಬಂದರು. "ಅದು ದೆವ್ವ ಕಣಯ್ಯಾ! ಜನ ಹೆದರ್ಬೇಕು, ಅಳೋದಲ್ಲ! ನಿಜ ಹೇಳು, ಇಲ್ಲಾಂದ್ರೆ ಪರದೆ ಹರಿದುಹಾಕ್ತಾರೆ!"

ಚನ್ನಿಗಪ್ಪ ಜನರತ್ತ ತಿರುಗಿ ಕೈಮುಗಿದ. "ತಾಯಂದಿರಾ, ನಾನು ಹೇಳಿದ್ದು ತಪ್ಪಾಯ್ತು. ಅವನು ಮದುವೆ ಗಂಡಲ್ಲ, ದೆವ್ವ! ಹಗಲೆಲ್ಲ ಬಿದ್ಕೊಂಡಿರ್ತಾನೆ, ಕತ್ತಲಾದ್ರೆ ಎದ್ದು ಹೊರಗೆ ಹೋಗ್ತಾನೆ, ಹೆಣ್ಣಿನ ಮನೆಯೋರ ರಕ್ತ ಹೀರ್ತಾನೆ!"

ಮುಂದೆಯೇ ಕೂತಿದ್ದ ಅಜ್ಜಿಯೊಬ್ಬಳು ಸೆರಗಿನಿಂದ ಮೂಗೊರೆಸಿಕೊಂಡು ಎದ್ದು ನಿಂತಳು.

"ನಮ್ಮಳಿಯನೂ ಹಂಗೇ ಕಣಪ್ಪಾ. ಹಂಗಂತ ನಾವೇನು ಗೂಟ ಹೊಡೆದ್ವಾ?"